ಬಲ ಸೊಂಟದ ವರದಿ

ಒಕ್ಕಣೆ ಮುಗಿದು ಹದಿನೈದು ದಿನ ಆಗಿತ್ತು. ಚಳಿ ಇನ್ನೂ ಊರೊಳಗೆ ಕಾಲಿಟ್ಟಿರಲಿಲ್ಲ. ಆದರೂ ಬೆಳಗಿನ ಬಿಸಿಲು ಕಂಡಲ್ಲಿ ಒಂದು ಗಳಿಗೆ ಬೆನ್ನು ಕೊಟ್ಟು ನಿಲ್ಲೋಣ ಅನ್ನಿಸುತ್ತಿತ್ತು. ಹಿಟ್ಟಿನ ಗಿರಣಿ ಆರು ಗಂಟೆಯಿಂದಲೇ ಓಡುತ್ತಿತ್ತು. ಮುಂಬಾಗಿಲಲ್ಲಿ ಡಬ್ಬಿ, ಬುಟ್ಟಿ, ಚೀಲಗಳ ಸಾಲು. ಹಿತ್ತಿಲ ಕಡೆಯ ಮೂರು ಮೆಟ್ಟಿಲ ಮೇಲೂ ಹಿಟ್ಟಿನ ತೆಳುವಾದ ಪುಡಿ ಕೂತಿತ್ತು.

ಆ ಮೆಟ್ಟಿಲ ಬುಡದಲ್ಲಿ ಇನ್ಸ್‌ಪೆಕ್ಟರ್ ಮಂಡಿಯೂರಿ ಕೂತು ಅಳತೆ ಟೇಪಿನ ತುದಿ ಹಿಡಿದಿದ್ದಳು. ಇನ್ನೊಂದು ತುದಿ ಹೆಡ್ ಕಾನ್ಸ್‌ಟೇಬಲ್ ಕೈಯಲ್ಲಿತ್ತು.

“ಒಂದೊಂದು ಏಳು ಇಂಚು ಮೇಡಂ. ಮೂರೂ ಸೇರಿ ಇಪ್ಪತ್ತೊಂದು. ಮೊನ್ನೆಯೂ ಇಷ್ಟೇ ಇತ್ತು, ನಿನ್ನೆಯೂ ಇಷ್ಟೇ. ಮೆಟ್ಟಿಲಿಗೆ ಬೆಳೆಯೋ ವಯಸ್ಸಲ್ಲ.”

“ಬರ್ಕೊಳ್ಳಿ.”

“ಬರ್ಕೊಂಡೆ.”

ಒಂಬತ್ತು ದಿನದ ಹಿಂದೆ ಗಿರಣಿಯ ಯಜಮಾನಿ ಇದೇ ಜಾಗದಲ್ಲಿ ಸತ್ತು ಬಿದ್ದಿದ್ದಳು. ಊರೆಲ್ಲ ಗಿರಣಿಯಮ್ಮ ಎಂದು ಕರೆಯುತ್ತಿದ್ದ, ಅರವತ್ತೆಂಟು ವರ್ಷದ, ಎತ್ತರದ ಹೆಂಗಸು. ಸೊಂಟ ಮುರಿದಿತ್ತು, ಬೆನ್ನಿನ ಎರಡು ಮೂಳೆ ಜಜ್ಜಿಹೋಗಿದ್ದವು, ತಲೆಗೆ ಪೆಟ್ಟಾಗಿತ್ತು. ಇಪ್ಪತ್ತೊಂದು ಇಂಚು ಎತ್ತರದಿಂದ ಬಿದ್ದರೆ ಇಷ್ಟೆಲ್ಲ ಆಗುತ್ತದೆಯೇ ಎಂದು ಯಾರೂ ಕೇಳುವಂತಿರಲಿಲ್ಲ. ಯಾಕೆಂದರೆ ಫೈಲಿನಲ್ಲಿ ಒಂದು ಹಾಳೆ ಇತ್ತು. ಎರಡು ತಿಂಗಳ ಹಿಂದೆ ನಡೆದ ಉಚಿತ ತಪಾಸಣಾ ಶಿಬಿರದಲ್ಲಿ ಗಿರಣಿಯಮ್ಮನ ಹೆಸರಿನಲ್ಲಿ ತೆಗೆದ ಮೂಳೆ ಸಾಂದ್ರತೆಯ ವರದಿ ಅದು. ಮೂಳೆ ತೀರ ಸವೆದು ಟೊಳ್ಳಾಗಿದೆ ಎಂದು ಅದರಲ್ಲಿತ್ತು. ಅಂಥ ಮೂಳೆಗೆ ಮೂರು ಮೆಟ್ಟಿಲೂ ಬೇಡ, ಜೋರಾಗಿ ಕೆಮ್ಮಿದರೂ ಸಾಕು.

ಸಂಜೆ ಐದಕ್ಕೆ ಸಾಹೇಬರು ಆಕಸ್ಮಿಕ ಸಾವು ಎಂದು ಸಹಿ ಹಾಕಿ ಫೈಲು ಮುಚ್ಚುವವರಿದ್ದರು. ಅಷ್ಟರೊಳಗೆ ಬೇರೆ ಏನಾದರೂ ಇದ್ದರೆ ತಾ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಬೇರೆ ಕೆಲಸ ನೋಡು ಎಂದು ನಿನ್ನೆಯೇ ಹೇಳಿದ್ದರು.

“ಅಕ್ಕಾ, ಇನ್ನೂ ಅಳೀತಾನೇ ಇದ್ದೀರಾ?”

ಗಿರಣಿಯಮ್ಮನ ಸೋದರಳಿಯ ಬಾಗಿಲಲ್ಲಿ ನಿಂತಿದ್ದ. ಹುಬ್ಬಿನ ಮೇಲೂ ಹಿಟ್ಟು. ಗಿರಣಿ ಮಾರಿಬಿಡೋಣ ಎಂದು ಅವನು, ನಾನು ಸಾಯೋವರೆಗೂ ಮಾರಲ್ಲ ಎಂದು ಅತ್ತೆ. ಎರಡು ವರ್ಷ ನಡೆದ ಈ ಜಗಳ ಹಿಟ್ಟು ಬೀಸಿಸಲು ಬಂದವರಿಗೆಲ್ಲ ಬಾಯಿಪಾಠವಾಗಿತ್ತು.

“ಆ ವರದಿ ತೆಗೆಸೋಕೆ ಅತ್ತೆ ಜೊತೆ ಯಾರು ಹೋಗಿದ್ರು?”

“ಯಾರೂ ಇಲ್ಲಕ್ಕ. ಅತ್ತೆ ಯಾರ ಮಾತು ಕೇಳಿದೋರು? ಒಬ್ಬರೇ ಬಸ್ಸು ಹತ್ತಿ ಹೋಗಿ ಬಂದ್ರು. ನಾನು ಅವತ್ತು ಊರಲ್ಲೇ ಇರಲಿಲ್ಲ.”

ಇನ್ಸ್‌ಪೆಕ್ಟರ್ ಒಳಗೆ ಹೋಗಿ ತಲೆಯೆತ್ತಿ ನೋಡಿದಳು. ಯಂತ್ರದ ಹಿಂದೆ, ಹನ್ನೆರಡು ಅಡಿ ಮೇಲೆ, ಅಟ್ಟದ ಚೌಕ ಬಾಯಿ ಕಪ್ಪಗಿತ್ತು.

“ಇದಕ್ಕೆ ಏಣಿ?”

“ಗೆದ್ದಲು ಹಿಡಿದಿತ್ತು. ಹೋದ ವರ್ಷವೇ ಒಡೆದು ಒಲೆಗೆ ಹಾಕಿದ್ವಿ. ಅಟ್ಟಕ್ಕೆ ಯಾರೂ ಹತ್ತಲ್ಲ ಈಗ.” ಅವನು ಗೋಡೆಗೊರಗಿಸಿದ್ದ ಚೀಲದ ಅಟ್ಟಿಯ ಮೇಲೆ ಕೈಯಿಟ್ಟ. “ನಿಮ್ಮ ಅಮ್ಮ ಹೇಗಿದ್ದಾರೆ? ಇನ್ನೂ ಐವತ್ತು ಚೀಲ ಬೇಕು ಅಂತ ಹೇಳಿ.”

ಆ ಚೀಲಗಳ ಹೊಲಿಗೆ ಇನ್ಸ್‌ಪೆಕ್ಟರಿಗೆ ಕಣ್ಣು ಮುಚ್ಚಿದರೂ ಗೊತ್ತು. ಗಂಟುಗಳೆಲ್ಲ ಬಲಕ್ಕೆ ವಾಲಿರುತ್ತಿದ್ದವು. ಅವಳ ಅಮ್ಮ ಬಲಕ್ಕೆ ವಾಲಿಯೇ ಕೂರುವುದು. ಮೂವತ್ತು ವರ್ಷದ ಹಿಂದೆ ಹೊಲಿಗೆಯ ನಡುವೆ ಎದ್ದು ಮತ್ತೆ ಕೂತಾಗ ಎಡ ಸೊಂಟಕ್ಕೆ ಸೂಜಿ ಚುಚ್ಚಿ ಒಳಗೇ ಮುರಿದಿತ್ತು. ಆಗಿನ ಡಾಕ್ಟರು ಎರಡು ಸಲ ಕೊಯ್ದು ಹುಡುಕಿ, ಸಿಗದೆ, ಇರಲಿ ಬಿಡಿ ತೊಂದರೆ ಇಲ್ಲ ಎಂದಿದ್ದರು. ನಮ್ಮನೇಲಿ ಕಳ್ಳರ ಕೈಗೆ ಸಿಗದ ಲೋಹ ಅಂದ್ರೆ ಇದೊಂದೇ ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಗಂಡ ಸತ್ತ ವಾರಕ್ಕೇ ಅಮ್ಮನ ಕೈಗೆ ಮೊದಲ ಚೀಲ ಕೊಟ್ಟವಳು ಗಿರಣಿಯಮ್ಮ. ಚೀಲ ಹೊಲಿದೇ ಅಮ್ಮ ಮಗಳನ್ನು ಓದಿಸಿದ್ದು. ಇನ್ಸ್‌ಪೆಕ್ಟರ್ ಮೈಮೇಲಿನ ಖಾಕಿಗೂ ಆ ಗೋಣಿದಾರಕ್ಕೂ ಇದ್ದ ನಂಟು ಊರಿನಲ್ಲಿ ಮೂರೇ ಜನಕ್ಕೆ ಪೂರ್ತಿ ಗೊತ್ತಿತ್ತು. ಈಗ ಇಬ್ಬರಿಗೆ.

ಜೀಪಿನಲ್ಲಿ ಕೂತ ಮೇಲೆ ಹೆಡ್ ಕಾನ್ಸ್‌ಟೇಬಲ್ ಕೇಳಿದ. “ಪೋಸ್ಟ್‌ಮಾರ್ಟಂ ಡಾಕ್ಟರು ಬೆಳಿಗ್ಗೆ ಫೋನಲ್ಲಿ ಏನಂದ್ರು ಮೇಡಂ?”

“ಗರಗಸ ಹಿಡಿದ ಕೈ ನಂದು, ಟೊಳ್ಳು ಮೂಳೆ ಹಾಗೆ ಸದ್ದು ಮಾಡಲ್ಲ ಅಂದ್ರು.”

“ಬರೆದು ಕೊಡ್ತಾರಂತಾ?”

“ಸದ್ದನ್ನ ಹೇಗಮ್ಮ ಬರೀಲಿ ಅಂತಾರೆ.”

ಸ್ಕ್ಯಾನ್ ಕೋಣೆ ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿತ್ತು. ಹೊರಗೆ ಬೆಂಚಿನ ಮೇಲೆ ಏಳೆಂಟು ಹೆಂಗಸರು ಬಳೆ, ಸರ, ಪಿನ್ನು ಎಲ್ಲ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಳಗೆ ಒಂದು ಉದ್ದನೆಯ ಮಂಚ, ಅದರ ಮೇಲೆ ಚಾಚಿಕೊಂಡಿದ್ದ ಯಂತ್ರದ ತೋಳು, ಮೂಲೆಯಲ್ಲಿ ಕಂಪ್ಯೂಟರು.

ಸ್ಕ್ಯಾನ್ ತೆಗೆಯುವಾಕೆಗೆ ನಲವತ್ತು ದಾಟಿತ್ತು. ವರದಿಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ನಂದೇ ಇದು. ಮೈನಸ್ ಮೂರು ಪಾಯಿಂಟ್ ಆರು. ಎರಡೂವರೆ ದಾಟಿದ್ರೇ ಮೂಳೆ ಸವೆದಿದೆ ಅಂತೀವಿ. ಇದು ತುಂಬಾ ಕೆಳಗೆ ಹೋಗಿದೆ ಮೇಡಂ.”

“ಮೆಷಿನ್ ತಪ್ಪು ಹೇಳಿರಬಹುದಾ?”

ಆಕೆ ನಕ್ಕು ಕಪಾಟಿನಿಂದ ಇಟ್ಟಿಗೆಯಷ್ಟು ದೊಡ್ಡ ಪ್ಲಾಸ್ಟಿಕ್ ಗಟ್ಟಿಯೊಂದನ್ನು ತಂದಿಟ್ಟಳು. ಅದರೊಳಗೆ ಬೆನ್ನುಮೂಳೆಯ ನಾಲ್ಕು ಮಣಿಗಳ ಅಚ್ಚಿತ್ತು.

“ಇವರು ನಮ್ಮ ತಾತ. ದಿನಾ ಬೆಳಿಗ್ಗೆ ಮೊದಲನೇ ಪೇಷಂಟು ಇವರೇ. ಮಲಗಿಸಿ ಸ್ಕ್ಯಾನ್ ತೆಗೀತೀನಿ. ದಿನಾ ಒಂದೇ ಅಂಕಿ ಬರಬೇಕು. ಬಂದಿಲ್ಲ ಅಂದ್ರೆ ಅವತ್ತು ಬಾಗಿಲೇ ತೆಗೆಯಲ್ಲ. ಶಿಬಿರದ ದಿನ ಪುಸ್ತಕದಲ್ಲಿ ನೋಡಿ, ಸರಿಯಾಗಿದೆ.”

“ಇವರಿಗೆ ಮದ್ದು ಮಾತ್ರೆ ಬೇಡ್ವಾ?” ಎಂದ ಹೆಡ್ ಕಾನ್ಸ್‌ಟೇಬಲ್.

“ಮಂಡಿ ನೋವು ಅಂತ ಒಂದಿನಾನೂ ಹೇಳಿಲ್ಲ ನೋಡಿ.”

ಇನ್ಸ್‌ಪೆಕ್ಟರ್ ನಗಲಿಲ್ಲ. ಗೋಡೆಗೆ ಅಂಟಿಸಿದ್ದ ಮಾದರಿ ವರದಿಗಳನ್ನು ಅವಳು ಒಂದೊಂದಾಗಿ ಓದುತ್ತಿದ್ದಳು. ಬೆನ್ನು, ಎಡ ಸೊಂಟ. ಬೆನ್ನು, ಎಡ ಸೊಂಟ. ಮೇಜಿನ ಮೇಲಿದ್ದ ಇವತ್ತಿನ ನಾಲ್ಕು ವರದಿಗಳಲ್ಲೂ ಹಾಗೇ ಇತ್ತು. ತನ್ನ ಕೈಯಲ್ಲಿದ್ದ ಹಾಳೆಯಲ್ಲಿ ಮಾತ್ರ ಬೆನ್ನು, ಬಲ ಸೊಂಟ.

ಒಂಬತ್ತು ದಿನ ಈ ಹಾಳೆ ಅವಳ ಮೇಜಿನ ಮೇಲೇ ಇತ್ತು.

“ಇದರಲ್ಲಿ ಬಲಗಡೆ ಯಾಕೆ?”

ಸ್ಕ್ಯಾನ್ ತೆಗೆಯುವಾಕೆ ಹುಬ್ಬು ಗಂಟಿಕ್ಕಿದಳು. “ನಾವು ತೆಗೆಯೋದು ಎಡಗಡೇನೇ. ಎಡಗಡೆ ರಾಡೋ ಸ್ಕ್ರೂವೋ ಲೋಹ ಏನಾದ್ರೂ ಇದ್ರೆ ಲೆಕ್ಕ ತಪ್ಪುತ್ತೆ, ಆಗ ಮಾತ್ರ ಬಲಗಡೆ. ಬಲಗಡೆ ತೆಗೆದಿದ್ರೆ ಎರಡನೇ ಹಾಳೇಲಿ ಕಾರಣ ಬರೆದಿರ್ತೀನಿ. ಎಲ್ಲಿ ಎರಡನೇ ಹಾಳೆ?”

“ನಮಗೆ ಕೊಟ್ಟಿದ್ದು ಇದೊಂದೇ.”

“ಯಾರು ಕೊಟ್ಟಿದ್ದು?”

“ಸತ್ತವರ ಮನೆಯವರು.”

ಆಕೆ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನಲ್ಲಿ ದಿನಾಂಕ ಹುಡುಕಿದಳು. “ಅವತ್ತು ಅರವತ್ತೆರಡು ಜನ ಮೇಡಂ. ಊಟಕ್ಕೂ ಎದ್ದಿಲ್ಲ... ಹಾಂ, ಬಂತು. ಜ್ಞಾಪಕ ಬಂತು ನಂಗೆ. ಈಯಮ್ಮಂಗೆ ಎಡಗಡೆ ಒಂದು ಪಿನ್ನು ಉಳ್ಕೊಂಡಿದೆ ಅಂತ ಎಬ್ಬಿಸಿ ಹುಡುಕಿಸಿದೆ. ಏನೂ ಇಲ್ಲ. ಆಸ್ಪತ್ರೆ ಗೌನು ಹಾಕಿಸಿ ಇನ್ನೊಂದ್ಸಲ ತೆಗೆದೆ. ಮತ್ತೆ ಅಲ್ಲೇ ಇದೆ. ಆಮೇಲೆ ಈಯಮ್ಮನೇ ನಕ್ಕು ಅಂದ್ಲು, ಅದು ನನ್ನ ಆಸ್ತಿ ತಾಯಿ, ಬಿಟ್ಟುಬಿಡು ಅಂತ. ನೋಡಿ.”

ಪರದೆಯ ಮೇಲೆ ಬೂದು ಬಣ್ಣದ ಸೊಂಟದ ಮೂಳೆ. ಅದರ ಕತ್ತಿನ ಮೇಲೆ ಅಡ್ಡಲಾಗಿ ಒಂದು ತೆಳ್ಳನೆ ಬಿಳಿ ಗೆರೆ. ಎರಡು ಅಕ್ಕಿಕಾಳಿನಷ್ಟು ಉದ್ದ. ಒಂದು ತುದಿ ಚೂಪು, ಇನ್ನೊಂದು ತುದಿ ಮುರಿದದ್ದು.

ಇನ್ಸ್‌ಪೆಕ್ಟರ್ ಪರದೆಯ ಹತ್ತಿರಕ್ಕೆ ಬಾಗಿದಳು.

ಮೂವತ್ತು ವರ್ಷ ಕೇಳಿ ಕೇಳಿ ಸವೆದ ತಮಾಷೆಯನ್ನು ಅವಳು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು. ಈ ಮಂಚದ ಮೇಲೆ ಗಿರಣಿಯಮ್ಮನ ಹೆಸರಿನಲ್ಲಿ ಮಲಗಿದ್ದವಳು ತನ್ನ ಅಮ್ಮ.

“ಎತ್ತರ ಎಷ್ಟು ಅಂತ ಬರೆದಿದ್ದೀರಿ?” ತನ್ನ ಧ್ವನಿ ಮಾಮೂಲಾಗಿಯೇ ಇದ್ದದ್ದು ಅವಳಿಗೇ ಆಶ್ಚರ್ಯವಾಯಿತು.

“ನೂರ ನಲವತ್ತಾರು ಸೆಂಟಿಮೀಟರ್. ಎರಡನೇ ಹಾಳೇಲಿ ಇರುತ್ತೆ.”

ಹೆಡ್ ಕಾನ್ಸ್‌ಟೇಬಲ್ ಫೈಲು ತಿರುವಿ ಬೆರಳಿಟ್ಟ. “ಪೋಸ್ಟ್‌ಮಾರ್ಟಂನಲ್ಲಿ ನೂರ ಅರವತ್ತಮೂರು! ಮೇಡಂ, ಇದು ಗಿರಣಿಯಮ್ಮನೇ ಅಲ್ಲ!”

ಸ್ಕ್ಯಾನ್ ತೆಗೆಯುವಾಕೆಯ ಮುಖ ಬಿಳಿಚಿಕೊಂಡಿತು. “ಚೀಟಿ ಅವರದ್ದೇ ಇತ್ತು ಮೇಡಂ. ಶಿಬಿರದಲ್ಲಿ ಚೀಟಿ ನೋಡ್ತೀವಿ, ಮುಖ ನೋಡೋಕೆ ಎಲ್ಲಿ ಪುರುಸೊತ್ತು? ನನ್ನ ಕೆಲಸಕ್ಕೆ ಏನೂ...”

“ನೀವು ಬರೆದಿಟ್ಟಿದ್ದಕ್ಕೇ ನಾವು ಇಲ್ಲಿ ಇರೋದು. ಎರಡನೇ ಹಾಳೆ ತೆಗೆದುಕೊಡಿ.”

ಪ್ರಿಂಟರು ನಿಧಾನವಾಗಿ ಹಾಳೆಯನ್ನು ಹೊರಗೆ ತಳ್ಳಿತು. ಎಡ ಸೊಂಟದ ಚಿತ್ರ, ಎತ್ತರ, ತೂಕ. ‘ಎಡ ಸೊಂಟದ ಭಾಗದಲ್ಲಿ ಹಳೆಯ ಲೋಹದ ಚೂರು, ಆದ್ದರಿಂದ ಬಲ ಸೊಂಟ ಅಳೆಯಲಾಗಿದೆ.’ ಕೆಳಗೆ ಸಲಹೆ: ‘ಕೂಡಲೇ ಡಾಕ್ಟರನ್ನು ಕಾಣಬೇಕು. ಭಾರ ಎತ್ತಬಾರದು. ಸ್ಟೂಲು, ಏಣಿ ಹತ್ತಬಾರದು. ಸಣ್ಣ ಬೀಳುವಿಕೆಯೂ ಅಪಾಯ.’

ಇನ್ಸ್‌ಪೆಕ್ಟರ್ ಆ ನಾಲ್ಕು ಸಾಲುಗಳನ್ನು ಎರಡು ಸಲ ಓದಿದಳು. ಮೊದಲನೆಯ ಸಲ ಪೊಲೀಸಾಗಿ ಓದಿದ್ದು. ಇನ್ನೊಂದು ಸಲ ಓದುವಾಗ ಅಕ್ಷರ ಕಣ್ಣಿಗೆ ನೆಟ್ಟಗೆ ನಿಲ್ಲಲಿಲ್ಲ.

“ಶಿಬಿರದ ಪುಸ್ತಕ ಇದೆಯಾ? ಜೊತೆಗೆ ಬಂದವರು ಸಹಿ ಹಾಕ್ತಾರಲ್ವಾ?”

“ಹಾಕಿಸ್ತೀವಿ. ವಯಸ್ಸಾದೋರು, ಮಂಚದಿಂದ ಇಳಿಯುವಾಗ ಹಿಡ್ಕೊಳ್ಳೋಕೆ ಜನ ಬೇಕು.”

ಗಿರಣಿಯಮ್ಮನ ಹೆಸರಿನ ಮುಂದೆ ‘ಸಂಬಂಧ: ಅತ್ತೆ’ ಎಂದಿತ್ತು. ಅದರ ಮುಂದೆ ಸೋದರಳಿಯನ ಸಹಿ, ಕೆಳಗೆ ಎರಡು ಗೆರೆ ಎಳೆದು. ಗಿರಣಿಯ ರಸೀತಿಗಳ ಮೇಲೆ ಅವನು ದಿನಕ್ಕೆ ಇಪ್ಪತ್ತು ಸಲ ಹಾಕುತ್ತಿದ್ದ ಸಹಿ ಅದು. ಅವತ್ತು ನಾನು ಊರಲ್ಲೇ ಇರಲಿಲ್ಲ ಎಂದು ಬೆಳಿಗ್ಗೆ ತಾನೇ ಹೇಳಿದ್ದ.

“ಸಿಕ್ಕಿಬಿದ್ದ,” ಎಂದ ಹೆಡ್ ಕಾನ್ಸ್‌ಟೇಬಲ್, ಮೆಲ್ಲಗೆ. “ಆದ್ರೆ ಮೇಡಂ, ಮಲಗಿದ್ದೋರು ಯಾರು? ಅವರು ಬಂದು ನಾನೇ ಅಂತ ಹೇಳದೆ ಇದ್ರೆ ಇವನು ಹಾಳೆ ಅದಲುಬದಲಾಗಿದೆ ಅಂತಾನೆ. ಆಸ್ಪತ್ರೆಯವರ ತಲೆಗೆ ಕಟ್ತಾನೆ.”

“ನನ್ನನ್ನ ಮನೆ ಹತ್ತಿರ ಇಳಿಸಿ. ನೀವು ಸ್ಟೇಷನ್‌ಗೆ ಹೋಗಿ. ಐದರವರೆಗೆ ಸಾಹೇಬರ ಪೆನ್ನಿಗೆ ಮುಚ್ಚಳ ಹಾಕಿಸಿ ಇಡಿ.”

ಹೆಡ್ ಕಾನ್ಸ್‌ಟೇಬಲ್ ಅವಳ ಮುಖ ನೋಡಿ ಜೀಪಿನ ಕಡೆ ನಡೆದ.

ಅಮ್ಮ ನಡುಮನೆಯಲ್ಲಿ ಬಲಕ್ಕೆ ವಾಲಿ ಕೂತು ಚೀಲ ಹೊಲಿಯುತ್ತಿದ್ದಳು. ದಬ್ಬಳ ಗೋಣಿಯೊಳಗೆ ಮುಳುಗಿ ಆಚೆ ಕಡೆ ತಲೆ ಎತ್ತುತ್ತಿತ್ತು. ಗಂಟೆ ನಾಲ್ಕಾಗಿತ್ತು.

“ಏನೇ ಇಷ್ಟು ಬೇಗ? ಕೆಲಸದಿಂದ ತೆಗೆದ್ರಾ?”

ಮಗಳು ಟೋಪಿ ತೆಗೆದು ಬಾಗಿಲ ಮರೆಯಲ್ಲಿಟ್ಟು ಎದುರಿಗೆ ನೆಲದ ಮೇಲೆ ಕೂತಳು. ಎರಡನೇ ಹಾಳೆಯನ್ನು ಚೀಲದ ಮೇಲಿಟ್ಟಳು. ಅಮ್ಮನಿಗೆ ಓದು ಬಾರದು. ಆದರೆ ಮೂಳೆಯ ಚಿತ್ರ ಬಂತು, ಅದರ ಮೇಲಿನ ಗೆರೆ ಬಂತು. ದಬ್ಬಳ ನಿಂತಿತು.

“ನೀನು ಈಗ ಪೊಲೀಸಾ, ಮಗಳಾ? ಅದು ಹೇಳು ಮೊದಲು.”

“ಎರಡೂ.”

“ಎರಡಕ್ಕೂ ಒಂದೇ ಉತ್ತರ ಆಗಲ್ಲ ಕಣೇ.”

“ಅಮ್ಮಾ, ಆಟ ಆಡಬೇಡ. ಗಿರಣಿಯಮ್ಮನ ಚೀಟೀಲಿ ನೀನು ಯಾಕೆ ಮಲಗಿದ್ದೆ?”

ಅಮ್ಮ ದಾರದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ನನ್ನ ಹೆಸರು ಶಿಬಿರದ ಪಟ್ಟೀಲಿ ಬಂದಿರಲಿಲ್ಲ. ಅವಳದ್ದು ಬಂದಿತ್ತು. ಚೀಲ ಕೊಡೋಕೆ ಹೋದಾಗ ನಾನು ಸೊಂಟ ಹಿಡ್ಕೊಂಡು ಏಳೋದು ನೋಡಿದ್ಲು. ನನ್ನ ಮೂಳೆ ಕಬ್ಬಿಣ ಕಣೇ, ನಾನ್ಯಾಕೆ ಹೋಗಿ ಮಲಗ್ಲಿ, ಚೀಟಿ ಹಾಳಾಗುತ್ತೆ, ನೀನು ಹೋಗು ಅಂದ್ಲು. ಬೇಡ, ನನ್ನ ಮಗಳು ಕರ್ಕೊಂಡು ಹೋಗ್ತಾಳೆ ಅಂದೆ.”

“ಹೇಳಬಾರದಿತ್ತಾ ನನಗೆ?”

“ಎರಡು ವರ್ಷದಿಂದ ಹೇಳ್ತಾನೇ ಇದ್ದೆ.” ಅಮ್ಮನ ಮಾತಿನಲ್ಲಿ ದೂರು ಇರಲಿಲ್ಲ. ಇವತ್ತು ಹಾಲು ಬಂದಿಲ್ಲ ಎನ್ನುವ ಹಾಗೆ ಹೇಳಿದಳು. “ಮುಂದಿನ ವಾರ ಅಂತಿದ್ದೆ ನೀನು. ಅದಕ್ಕೇ ಅವಳಂದ್ಲು, ನಿನ್ನ ಮಗಳಿಗೆ ಊರಿನ ಕಳ್ಳರೇ ಸಾಲದು, ಪುರುಸೊತ್ತೆಲ್ಲಿ, ನೀನು ನಡಿ ಅಂತ. ಅಳಿಯನ್ನ ಕರೆದು ಗಾಡೀಲಿ ಕರ್ಕೊಂಡು ಹೋಗು ಅಂದ್ಲು. ಅವನೇ ಕೂತ್ಕೊಂಡಿದ್ದ, ಅವನೇ ಕೈ ಹಿಡಿದು ಇಳಿಸಿದ. ಇನ್ನೊಬ್ಬರ ಚೀಟೀಲಿ ಹೋಗಿದ್ದೀನಿ ಅಂತ ಪೊಲೀಸ್ ಮಗಳಿಗೆ ಹೇಗೆ ಹೇಳ್ಲಿ ಹೇಳು.”

“ವರದಿ ಬಂದ ಮೇಲೆ?”

“ಅವನೇ ತಂದ. ಕೇಳ್ದೆ. ಎಲ್ಲಾ ಚೆನ್ನಾಗಿದೆ ಅಮ್ಮ, ಇನ್ನೂ ಇಪ್ಪತ್ತು ವರ್ಷ ಚೀಲ ಹೊಲೀಬಹುದು ಅಂದ. ಅವಳಿಗೂ ಹಾಗೇ ಹೇಳಿದ್ನಂತೆ. ಖುಷಿಯಾಗಿ ಬೆಲ್ಲ ಕೊಟ್ಲು ನಂಗೆ.”

ಮಗಳು ಹಾಳೆಯ ಕೊನೆಯ ನಾಲ್ಕು ಸಾಲುಗಳನ್ನು ಓದಿ ಹೇಳಿದಳು. ನಿಧಾನವಾಗಿ, ಒಂದೊಂದೇ. ಅಮ್ಮ ಕೇಳುತ್ತಾ ತನ್ನ ಮುಂಗೈಯನ್ನು ತಿರುಗಿಸಿ ನೋಡಿಕೊಂಡಳು, ಅದು ಬೇರೆ ಯಾರದ್ದೋ ಎಂಬಂತೆ. ನಿನ್ನೆ ಸಂಜೆಯಷ್ಟೇ ಅವಳು ಸ್ಟೂಲು ಹತ್ತಿ ಬಲ್ಬು ಬದಲಿಸಿದ್ದಳು.

“ಹಾಗಾದ್ರೆ ಅವಳು ಆ ಮೂರು ಮೆಟ್ಟಿಲಿಂದ ಬಿದ್ದು...”

“ಅವಳ ಮೂಳೆ ಗಟ್ಟಿಯಾಗಿತ್ತಮ್ಮ. ಹಾಗೆ ಮುರಿಯೋಕೆ ಎತ್ತರದಿಂದ ಬೀಳಬೇಕು. ಆ ವರದಿ ಅವಳದ್ದಲ್ಲ ಅಂತ ಗೊತ್ತಿದ್ದೂ ಅವನು ತಂದು ನಮ್ಮ ಕೈಗೆ ಕೊಟ್ಟಿದ್ದಾನೆ. ಅದು ಅವಳದ್ದಲ್ಲ ಅಂತ ಬಾಯಿಬಿಟ್ಟು ಹೇಳಬಲ್ಲೋಳು ಲೋಕದಲ್ಲಿ ನೀನೊಬ್ಬಳೇ.”

ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತಾ ಹೋಯಿತು. ಅಮ್ಮ ಚೀಲವನ್ನು ಮಡಿಲಿನಿಂದ ಕೆಳಗಿಟ್ಟಳು.

“ಬರ್ಕೋ,” ಎಂದಳು ಕಡೆಗೆ.

ಮಗಳು ಹೇಳಿಕೆಯ ಹಾಳೆ ತೆಗೆದಳು. ‘ಸಾಕ್ಷಿಯ ಹೆಸರು’ ಎಂಬ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ಅಮ್ಮ ಎಂದು ಬರೆಯಲು ಬರುವುದಿಲ್ಲ. ಬರೆದ ಮರುಗಳಿಗೆ ಈ ಕೇಸು ತನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸ್ವಂತ ತಾಯಿ ಸಾಕ್ಷಿಯಾಗಿರುವ ಕೇಸನ್ನು ಮಗಳು ನಡೆಸುವಂತಿಲ್ಲ. ಬೇರೆ ಅಧಿಕಾರಿ ಬರಲು ಎರಡು ದಿನ, ಮೂರು ದಿನ ಆಗಬಹುದು. ಬರೆಯದಿದ್ದರೆ ಐದಕ್ಕೆ ಫೈಲು ಮುಚ್ಚುತ್ತದೆ.

ಪೂರ್ತಿ ಹೆಸರು ಬರೆದಳು. ಅಮ್ಮ ಹೇಳಿದಂತೆ ಒಂದೊಂದು ಮಾತನ್ನೂ ಬರೆದಳು. ಕೆಳಗೆ ಅಮ್ಮ ಹೆಬ್ಬೆಟ್ಟು ಒತ್ತಿದಳು. ಹಾಳೆಯ ಫೋಟೋ ಹೆಡ್ ಕಾನ್ಸ್‌ಟೇಬಲ್ಲಿಗೆ ಹೋದಾಗ ನಾಲ್ಕೂ ನಲವತ್ತು.

ಎರಡು ನಿಮಿಷಕ್ಕೆ ಅವನ ಫೋನು ಬಂತು, ದನಿ ನಡುಮನೆಗೆಲ್ಲ ಕೇಳುವಷ್ಟು ಜೋರಾಗಿತ್ತು. “ಸಾಹೇಬರು ಸಹಿ ಹಾಕಲ್ಲ ಅಂದ್ರು ಮೇಡಂ. ಫೈಲು ಉಳೀತು. ಆದ್ರೆ ಈ ಗಳಿಗೆಯಿಂದ ನೀವು ಇದನ್ನ ಮುಟ್ಟಬಾರದಂತೆ. ಅಟ್ಟದ ವಿಷಯ ಕೇಳ್ದೆ. ಏಣಿಯೇ ಇಲ್ಲದ ಅಟ್ಟದಿಂದ ಬಿದ್ಲು ಅಂತ ಹೇಗೆ ಬರೀತೀರಿ ಅಂತಾರೆ.”

ಫೋನಿಟ್ಟಾಗ ಅಮ್ಮ ಸೆರಗಿನಿಂದ ಹೆಬ್ಬೆರಳಿನ ಮಸಿ ಒರೆಸಿಕೊಳ್ಳುತ್ತಿದ್ದಳು.

“ಒಂದು ಮಾತು ಮರೆತಿದ್ದೆ ಕಣೇ. ಮಧ್ಯಾಹ್ನ ಅವನು ಬಂದಿದ್ದ.”

“ಯಾರು?”

“ಅವನೇ, ಅಳಿಯ. ಅಟ್ಟದ ಮೇಲೆ ಹಳೇ ಗೋಣಿ ರಾಶಿ ಬಿದ್ದಿದೆಯಂತೆ. ಯಾವುದು ಹೊಲಿಗೆಗೆ ಬರುತ್ತೆ, ಯಾವುದು ಬರಲ್ಲ ಅಂತ ಆರಿಸೋಕೆ ನನ್ನ ಬಿಟ್ಟು ಯಾರಿಗೆ ಗೊತ್ತಾಗುತ್ತೆ, ನಾಳೆ ಬೆಳಿಗ್ಗೆ ಬನ್ನಿ ಅಂದ. ಆಗಲಿ ಅಂದೆ.”

“ಅಟ್ಟಕ್ಕಾ? ನೀನಾ?”

“ಎರಡನೇ ಹಾಳೆ ಅವನೂ ಓದಿರ್ತಾನೆ, ಅಲ್ವಾ?”

ಅಮ್ಮ ದಬ್ಬಳವನ್ನು ಚೀಲದಿಂದ ಎಳೆದು, ದಾರ ಕಡಿದು, ಗೋಡೆಯ ಬೆಣೆಗೆ ಚುಚ್ಚಿದಳು.

“ಎಲ್ಲೂ ಹೋಗಲ್ಲ ನೀನು. ನಾಳೆ ಮೊದಲು ಆಸ್ಪತ್ರೆ.”

“ನಾಳೆ ಅಂದ್ರೆ ನಿಂದು ಮುಂದಿನ ವಾರ.” ಅಮ್ಮ ಈ ಸಲ ನಕ್ಕಳು, ಸ್ವಲ್ಪವೇ. “ಅವಳು ತನ್ನ ಚೀಟಿ ನಂಗೆ ಬಿಟ್ಟುಕೊಟ್ಲು ಕಣೇ. ನಿನ್ನ ಓದು, ಈ ಮನೆ, ಕಡೆಗೆ ನನ್ನ ಸೊಂಟದ ಚಿಂತೆ, ಎಲ್ಲಾ ಅವಳೇ ಹೊತ್ಲು. ನಾನು ಅವಳಿಗೆ ಏನು ತೀರಿಸಿದ್ದೀನಿ? ಒಂದು ಹೆಬ್ಬೆಟ್ಟು.”

“ಅಷ್ಟು ಸಾಕು.”

“ಸಾಲದು ಅಂತ ನಿಮ್ಮ ಸಾಹೇಬರೇ ಅಂದ್ರಲ್ಲ, ಈಗ ಫೋನಲ್ಲಿ.”

ಆಗ ಬೀದಿಯ ತಿರುವಿನಲ್ಲಿ ಗಾಡಿ ನಿಂತ ಸದ್ದಾಯಿತು. ಜೀಪು ಸ್ಟೇಷನ್‌ಗೆ ಹೋಗಿತ್ತು. ಮನೆಯ ಮುಂದೆ ಪೊಲೀಸರು ಇದ್ದಾರೆ ಎನ್ನಲು ಗುರುತೇ ಇರಲಿಲ್ಲ. ಟೋಪಿ ಬಾಗಿಲ ಮರೆಯಲ್ಲಿತ್ತು.

“ಅಮ್ಮಾ...” ಹೊರಗಿನಿಂದ ಸೋದರಳಿಯನ ಧ್ವನಿ, ಬೆಳಗಿನಷ್ಟೇ ನಯವಾಗಿ. “ನಾಳೆವರೆಗೆ ಯಾಕೆ ಅಂತ ಬಂದೆ. ಬೆಳಕಿರೋವಾಗಲೇ ಆರಿಸಿಬಿಡೋಣ ಬನ್ನಿ. ಏಣಿ ಹಾಕಿಟ್ಟೇ ಬಂದಿದ್ದೀನಿ.”

ಗೆದ್ದಲು ಹಿಡಿದು ಹೋದ ವರ್ಷವೇ ಒಲೆ ಸೇರಿದ್ದ ಏಣಿ.

ಮಗಳು ಅಮ್ಮನ ಮಣಿಕಟ್ಟು ಹಿಡಿದಳು. ಮೆಲ್ಲಗೆ ಹಿಡಿದಳು, ಗಟ್ಟಿಯಾಗಿ ಹಿಡಿಯಲು ಈಗ ಭಯ. ಅಮ್ಮ ಇನ್ನೊಂದು ಕೈಯನ್ನು ನೆಲಕ್ಕೂರಿ, ಬಲಕ್ಕೆ ವಾಲಿ, ಸೊಂಟ ಹಿಡಿದುಕೊಂಡು ಎದ್ದು ನಿಂತಳು.

“ನಿಮ್ಮ ಸಾಹೇಬರು ಕೇಳಿದ ಏಣಿ ಸಿಕ್ತಲ್ಲೇ,” ಎಂದು ಮಗಳ ಕಿವಿಯಲ್ಲಿ ಅಂದು, “ಬಂದೆ ಕಣಪ್ಪಾ,” ಎಂದಳು ಬಾಗಿಲ ಕಡೆಗೆ.